ಧ್ರುವ ಎರಡು ಮುಷ್ಟಿ ಮೇಲೇರಿದ ಊರು

ನಮ್ಮ ಮನೆಯ ತಾರಸಿಯಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ನಾವು ನಿಂತ ಊರಿನ ಅಕ್ಷಾಂಶ ಎಷ್ಟೋ, ಧ್ರುವ ದಿಗಂತದಿಂದ ಅಷ್ಟೇ ಮೇಲಿರುತ್ತಾನೆ. ಬೆಂಗಳೂರಿಗೆ ಅದು 13 ಡಿಗ್ರಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಹತ್ತು ಡಿಗ್ರಿ. ಅಂದರೆ ಒಂದೂಕಾಲು ಮುಷ್ಟಿ. ಅಷ್ಟು ಎತ್ತರದಲ್ಲಿ ನಮ್ಮ ಉತ್ತರಕ್ಕೆ ಇರುವುದು ಎದುರು ಕಟ್ಟಡದ ನೀರಿನ ಟ್ಯಾಂಕು, ಅದರ ಹಿಂದೆ ಊರಿನ ಕೆಂಪು ಮಬ್ಬು. ಹದಿನೆಂಟು ವರ್ಷದಿಂದ ಆ ಮನೆಯಲ್ಲಿದ್ದೇನೆ, ಒಂದು ರಾತ್ರಿಯೂ ಧ್ರುವನನ್ನು ಕಂಡಿಲ್ಲ.

ಟೆಲಿಸ್ಕೋಪು ತೆಗೆದುಕೊಳ್ಳಬೇಕೆಂದಾಗ ನನ್ನ ತಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಇಲ್ಲಿಂದ ಅದರಲ್ಲಿ ಏನು ನೋಡ್ತೀಯ?" ಬಹಳ ದಿನ ಯೋಚಿಸಿದ ಮೇಲೆ ಉತ್ತರ ಸಿಕ್ಕಿತು. ಆಕಾಶ ನಮ್ಮಲ್ಲಿಗೆ ಬಾರದಿದ್ದರೆ ನಾವೇ ಹೋಗಬೇಕು. ಹೋಗುವಾಗ ಹೆಗಲಿಗೆ ಹಾಕಿಕೊಳ್ಳುವಂಥದ್ದೇ ಬೇಕು. ದೊಡ್ಡ ಕನ್ನಡಿಯ ದೂರದರ್ಶಕ ಹೆಚ್ಚು ಬೆಳಕು ಹಿಡಿಯುತ್ತದೆ, ನಿಜ. ಆದರೆ ಗುಂಡಿ ರಸ್ತೆಯಲ್ಲಿ ನೂರು ಕಿಲೋಮೀಟರು ಕುಲುಕಿದರೆ ಅದರ ಕನ್ನಡಿಗಳು ನೇರ ತಪ್ಪುತ್ತವೆ, ಪ್ರತಿ ಸಲ ಹೊಂದಿಸಬೇಕು. ಮಸೂರದ ಕೊಳವೆಗೆ ಆ ಕಾಟವಿಲ್ಲ. ಗಾಜು ಕೂತ ಕಡೆ ಕೂತಿರುತ್ತದೆ. ಕೊನೆಗೆ ಆರಿಸಿದ್ದು 72 ಮಿಲಿಮೀಟರ್ ಮಸೂರದ, 420 ಮಿಲಿಮೀಟರ್ ನಾಭಿದೂರದ ಪುಟ್ಟ ಟೆಲಿಸ್ಕೋಪು. ತೂಕ ಎರಡು ಕಿಲೋ. ನಕ್ಷತ್ರಗಳ ಜೊತೆ ನಿಧಾನಕ್ಕೆ ತಿರುಗುವ ಟ್ರ್ಯಾಕರ್ ಸೇರಿ ಒಂದು ಸ್ಕೂಟರಿನ ಬೆಲೆ. "ಪಕ್ಷಮಾಸ ಶುರುವಾದ ಮೇಲೆ ಹೊಸ ವಸ್ತು ಮನೆಗೆ ತರಬೇಡ" ಎಂದಿದ್ದರು ಅಮ್ಮ. ಗಣೇಶನ ಹಬ್ಬದ ವಾರದಲ್ಲೇ ಪೆಟ್ಟಿಗೆ ಬಂತು.

ಅದನ್ನು ಬಿಚ್ಚುವಾಗ ನನ್ನ ಮೊದಲ ದುರ್ಬೀನು ನೆನಪಾಗದೆ ಇರಲಿಲ್ಲ. ಅರಸೀಕೆರೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಕನ್ನಡಕದ ಅಂಗಡಿಯಿಂದ ಒಂದು ಪವರಿನ ಗಾಜು ತಂದು, ಕ್ಯಾಲೆಂಡರಿನ ರಟ್ಟು ಸುತ್ತಿ, ಒಂದು ಮೀಟರು ಉದ್ದದ ಕೊಳವೆ ಮಾಡಿಕೊಂಡಿದ್ದೆ. ಅದರಲ್ಲಿ ಚಂದ್ರನಿಗೆ ಸುತ್ತಲೂ ನೇರಳೆ ಬಣ್ಣದ ಅಂಚು ಕಾಣುತ್ತಿತ್ತು, ರೇಷ್ಮೆ ಸೀರೆಗೆ ಇರುವಂತೆ. ಚಂದ್ರನಿಗೆ ನಿಜವಾಗಿ ಅಂಥ ಅಂಚಿದೆ ಎಂದೇ ಎರಡು ವರ್ಷ ನಂಬಿದ್ದೆ. ಅದು ಗಾಜಿನ ಗುಣ. ಗಾಜು ನೇರಳೆ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಕೆಂಪನ್ನು ಕಡಿಮೆ. ಎರಡೂ ಒಂದೇ ಜಾಗದಲ್ಲಿ ಕೂಡುವುದಿಲ್ಲ, ಕೂಡದೆ ಉಳಿದದ್ದು ಅಂಚಾಗುತ್ತದೆ.

ಈ ಅಂಚನ್ನು ತೊಲಗಿಸಲು ಮನುಷ್ಯರು ಪಟ್ಟ ಪಾಡು ಓದಿದರೆ ಕೈಯಲ್ಲಿರುವ ಕೊಳವೆಯ ಮೇಲೆ ಗೌರವ ಹುಟ್ಟುತ್ತದೆ. ಮಸೂರದ ಉಬ್ಬು ಕಡಿಮೆ ಮಾಡಿ ಕೊಳವೆ ಉದ್ದ ಮಾಡಿದರೆ ಬಣ್ಣದ ತೊಂದರೆ ತಗ್ಗುತ್ತದೆ ಎಂದು 17ನೇ ಶತಮಾನದವರು ಕಂಡುಕೊಂಡರು. ಡಾನ್ಜಿಗ್ ಪಟ್ಟಣದ ಹೆವೇಲಿಯಸ್ 150 ಅಡಿ ಉದ್ದದ ದೂರದರ್ಶಕವನ್ನೇ ಕಂಬಕ್ಕೆ ಹಗ್ಗ ಬಿಗಿದು ತೂಗುಹಾಕಿದ. ಗಾಳಿ ಬೀಸಿದರೆ ಅದು ಓಲಾಡುತ್ತಿತ್ತು. ಆಮೇಲೆ 1733ರ ಸುಮಾರಿಗೆ ಇಂಗ್ಲೆಂಡಿನ ವಕೀಲ ಚೆಸ್ಟರ್ ಮೂರ್ ಹಾಲ್‌ಗೆ ಎರಡು ಬಗೆಯ ಗಾಜನ್ನು ಜೋಡಿಸುವ ಉಪಾಯ ಹೊಳೆಯಿತು. ಒಂದು ಗಾಜು ಹರಡಿದ ಬಣ್ಣವನ್ನು ಇನ್ನೊಂದು ಮರಳಿ ಒಟ್ಟುಗೂಡಿಸುತ್ತದೆ. 1758ರಲ್ಲಿ ಅದಕ್ಕೆ ಪೇಟೆಂಟು ಪಡೆದವನು ಜಾನ್ ಡಾಲಂಡ್. ಈಗ ಬಣ್ಣವನ್ನು ತೀರ ಕಡಿಮೆ ಹರಡುವ ವಿಶೇಷ ಗಾಜೇ ಬಂದಿದೆ. ಹೆವೇಲಿಯಸ್‌ನ 150 ಅಡಿ ನನ್ನ ಚೀಲದಲ್ಲಿ ಒಂದು ಮೊಳವಾಗಿ ಮಲಗಿತ್ತು.

ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಮೋಡದ ಸಂದಿಯಲ್ಲಿ, ಹನ್ನೊಂದು ಗಂಟೆಯ ಮೇಲೆ, ತಾಮ್ರದ ಚೆಂಬಿನ ತಳದಂಥ ಚಂದ್ರ ಕೊಳವೆಯಲ್ಲಿ ಕೆಲವು ನಿಮಿಷ ಕಂಡ. ಬಿಡುಗಡೆಯಾಗುವಾಗ ಅಂಚಿನಲ್ಲಿ ಮೊದಲ ಬಿಳಿ ಗೆರೆ ಮೂಡಿತು. ಬರೀ ಬಿಳಿ. ನೇರಳೆ ಇಲ್ಲವೇ ಇಲ್ಲ. ಮೂವತ್ತು ವರ್ಷದ ಹಿಂದಿನ ಅಂಚು ಕಳಚಿಬಿದ್ದಿತ್ತು.

ಅದಾಗಿ ಹನ್ನೊಂದನೇ ದಿನ ತಮ್ಮನೂ ನಾನೂ ಲೇಹ್‌ನಲ್ಲಿ ಇಳಿದೆವು. ಹೊರಟಿದ್ದು ಲಡಾಖಿನ ಹಾನ್ಲೆಗೆ; 2025ರ ಮಹಾಲಯ ಅಮಾವಾಸ್ಯೆ, ಸೆಪ್ಟೆಂಬರ್ 21ಕ್ಕೆ ಅಲ್ಲಿರಬೇಕೆಂಬುದು ಲೆಕ್ಕ. ಟೆಲಿಸ್ಕೋಪನ್ನು ಕೈಚೀಲದಲ್ಲೇ ತಂದಿದ್ದೆ. ಬೆಂಗಳೂರು ನಿಲ್ದಾಣದ ತಪಾಸಣೆಯಲ್ಲಿ ಚೀಲ ಬಿಚ್ಚಿಸಿದ ಹೆಣ್ಣುಮಗಳು ಮುಚ್ಚಳ ತೆಗೆದು ಮಸೂರ ನೋಡಿದಳು. ಅದರ ಮೇಲಿನ ತೆಳು ಲೇಪನ ಹಸಿರು, ಕೆನ್ನೀಲಿಯಾಗಿ ನವಿಲುಗರಿಯ ಕಣ್ಣಿನಂತೆ ಹೊಳೆಯುತ್ತದೆ. "ಇದರಲ್ಲಿ ಶನಿ ಕಾಣ್ತಾನಾ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ತಾನೇ ಮುಚ್ಚಳ ಹಾಕಿಕೊಟ್ಟಳು.

ಲೇಹ್ 3,500 ಮೀಟರ್ ಎತ್ತರ, ಹಾನ್ಲೆ ಹತ್ತಿರ ಹತ್ತಿರ 4,300. ಎರಡು ದಿನ ಸುಮ್ಮನೆ ಮಲಗಿ, ನೀರು ಕುಡಿದು, ಉಸಿರು ಹೊಂದಿಸಿಕೊಂಡೆವು. ಆಮೇಲೆ ಒಂದು ಇಡೀ ಹಗಲು ಸಿಂಧೂ ನದಿಯ ಜೊತೆ ಪ್ರಯಾಣ: ಉಪ್ಶಿ, ಬಿಸಿನೀರು ಉಕ್ಕುವ ಚುಮಾಥಾಂಗ್, ನ್ಯೋಮಾ. ಲೋಮಾ ಸೇತುವೆ ದಾಟಿ ಬಯಲಿಗೆ ಇಳಿದಾಗ ಕಾಡುಕತ್ತೆಗಳ ಹಿಂಡು ತಲೆಯೆತ್ತಿ ನಮ್ಮ ಕಾರು ನೋಡಿತು. ಆ ಬಯಲಿನಾಚೆ, ಒಂದು ಬೋಳುಗುಡ್ಡದ ನೆತ್ತಿಯ ಮೇಲೆ, ಬಿಳಿ ಗುಮ್ಮಟ.

ಅದು ಹಿಮಾಲಯನ್ ಚಂದ್ರ ಟೆಲಿಸ್ಕೋಪು. ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಎರಡು ಮೀಟರ್ ಅಗಲದ ಕನ್ನಡಿ, 4,500 ಮೀಟರ್ ಎತ್ತರ. ಮೊದಲ ಬೆಳಕು ಕಂಡದ್ದು 2000ದಲ್ಲಿ. ಇಲ್ಲಿಯವರೆಗೆ ಓದಿ ತಿಳಿದದ್ದೇ. ಗುಡ್ಡದ ಬುಡದಲ್ಲಿ ನಿಂತು ನೋಡುವಾಗ ಮಾತ್ರ ಇನ್ನೊಂದು ಸಂಗತಿ ಮೈ ನವಿರೇಳಿಸಿತು. ರಾತ್ರಿ ಈ ಟೆಲಿಸ್ಕೋಪನ್ನು ತಿರುಗಿಸುವ ಖಗೋಳಜ್ಞರು ಕೂರುವುದು ಇಲ್ಲಲ್ಲ, ಹೊಸಕೋಟೆಯಲ್ಲಿ. ಅಲ್ಲಿಂದ ಆಜ್ಞೆ ಉಪಗ್ರಹಕ್ಕೆ ಹೋಗಿ ಇಲ್ಲಿಗೆ ಇಳಿಯುತ್ತದೆ, ಕನ್ನಡಿ ತಿರುಗುತ್ತದೆ, ಚಿತ್ರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯ ಊರಿನಲ್ಲಿ ಯಾರೋ ಕುಳಿತು ಈ ಆಕಾಶ ನೋಡುತ್ತಿರುತ್ತಾರೆ. ನಾನು ಅದೇ ಆಕಾಶಕ್ಕಾಗಿ ಹೆಚ್ಚುಕಡಿಮೆ ನೇರ ಉತ್ತರಕ್ಕೆ 2,200 ಕಿಲೋಮೀಟರು ಬಂದು ನಿಂತಿದ್ದೇನೆ.

ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರು 2022ರ ಡಿಸೆಂಬರಿನಿಂದ ಕತ್ತಲೆಗೆ ಮೀಸಲು. ಕಿಟಕಿಗಳಿಗೆ ದಪ್ಪ ಪರದೆ, ಕಾರಿನ ದೀಪಕ್ಕೆ ಕಟ್ಟುಪಾಡು. ಊರಿನ 24 ಮಂದಿಗೆ ತರಬೇತಿ ಕೊಟ್ಟು, ಬಂದವರಿಗೆ ಆಕಾಶ ತೋರಿಸಲು ಟೆಲಿಸ್ಕೋಪುಗಳನ್ನೂ ಕೊಟ್ಟಿದ್ದಾರೆ. ಕಾಡು, ಪ್ರಾಣಿಗಳನ್ನು ಕಾಯುವುದು ಗೊತ್ತಿತ್ತು. ಕತ್ತಲನ್ನು ಬೆಳೆಯಂತೆ ಕಾಯುವ ಊರನ್ನು ನಾನು ಕಂಡದ್ದು ಇದೇ ಮೊದಲು, ಇದು ಎಲ್ಲ ಕಡೆ ಆಗಬೇಕಾದ ಕೆಲಸ ಎಂದು ಅಲ್ಲೇ ಅನಿಸಿತು.

ನಾವು ಉಳಿದ ಮನೆಯ ಯಜಮಾನಿಯನ್ನು ಅಲ್ಲಿನವರಂತೆ ಅಮಾ-ಲೇ ಎಂದೇ ಕರೆದೆವು. ಅವರ ಅಂಗಳದಲ್ಲಿ, ಯಾಕಿನ ಸೆಗಣಿ ಒಟ್ಟಿದ್ದ ಗೋಡೆಯ ಮರೆಗೆ, ಮುಕ್ಕಾಲಿ ಹೂಡಿದೆ. ಕತ್ತಲಾಯಿತು. ಆಗಿನದನ್ನು ಹೇಗೆ ಹೇಳಲಿ? ನಕ್ಷತ್ರಗಳು ಒಂದೊಂದಾಗಿ ಮೂಡುವುದು ಬೆಂಗಳೂರಿನ ಅಭ್ಯಾಸ. ಇಲ್ಲಿ ಸಾಲು ಸಾಲಾಗಿ ತುಂಬಿಕೊಂಡವು. ತಮ್ಮ ಧನು ರಾಶಿಯ ಕಡೆ ಕೈ ತೋರಿ "ಮೋಡ ಬಂತಲ್ಲೇ ಅಕ್ಕಾ" ಎಂದ. ಮೋಡವಲ್ಲ, ಆಕಾಶಗಂಗೆ. ನೈರುತ್ಯದ ಗುಡ್ಡದಿಂದೆದ್ದು, ನೆತ್ತಿಯ ಮೇಲೆ ಹಾದು, ಈಶಾನ್ಯದಲ್ಲಿ ಕುಂತಿ ನಕ್ಷತ್ರಪುಂಜದ ಹತ್ತಿರ ಹರಿಯುತ್ತಿತ್ತು. ನಡುವೆ ದೂಳಿನ ಕಪ್ಪು ಕವಲುಗಳು ಹೊಳೆಯ ನಡುಗಡ್ಡೆಗಳಂತೆ.

ನಾನು ಉತ್ತರಕ್ಕೆ ತಿರುಗಿ ಕೈ ಚಾಚಿದೆ. ಒಂದು ಮುಷ್ಟಿ, ಅದರ ಮೇಲೆ ಇನ್ನೊಂದು, ಮತ್ತೊಂದು, ಇನ್ನೂ ಸ್ವಲ್ಪ. ಅಲ್ಲಿದ್ದ ಧ್ರುವ. ಸುಮಾರು 33 ಡಿಗ್ರಿ. ನಾವು ಉತ್ತರಕ್ಕೆ ನಡೆದಷ್ಟೂ ಅವನು ಎದ್ದು ಎದ್ದು ಎರಡು ಮುಷ್ಟಿ ಮೇಲೆ ಬಂದಿದ್ದ. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಬರೆದದ್ದು ಬೇರೆ, ಕೈಮುಷ್ಟಿಯಲ್ಲಿ ಅಳೆದದ್ದು ಬೇರೆ.

ಟ್ರ್ಯಾಕರನ್ನು ಅವನಿಗೆ ಗುರಿ ಹಿಡಿದು ನಿಲ್ಲಿಸಿದೆ. ಧ್ರುವ ನಿಜವಾದ ಉತ್ತರ ಬಿಂದುವಿನಿಂದ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕೊಂಚ ಹೆಚ್ಚೇ ಪಕ್ಕಕ್ಕಿದ್ದಾನೆ, ಅಷ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಫೋಕಸ್. ಮಸೂರದ ಮುಂದೆ ಸೀಳುಗಳಿರುವ ಒಂದು ಮುಖವಾಡ ಇಟ್ಟು ಅಭಿಜಿತ್ ನಕ್ಷತ್ರ ನೋಡಿದರೆ ಕ್ಯಾಮೆರಾ ತೆರೆಯಲ್ಲಿ ಮೂರು ಬೆಳಕಿನ ಗೆರೆಗಳು: ಎರಡು ಕತ್ತರಿಯಂತೆ, ಮೂರನೆಯದು ನಡುವೆ. ನಡುಗೆರೆ ಕತ್ತರಿಯ ಕೀಲಿನ ಮೇಲೇ ಹಾಯ್ದರೆ ಫೋಕಸ್ ಸರಿ. ಕೈಗವಸಿನ ಒಂದು ಬೆರಳು ತೆಗೆದು ತಿರುಪು ಮುಟ್ಟಿದೆ. ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಸರಿಯುತ್ತಿತ್ತು. ಕೂರಿಸಿದೆ.

ಮೊದಲ ಮುಕ್ಕಾಲು ಗಂಟೆಯ ಚಿತ್ರಗಳು ಹಾಳಾದವು. ನಕ್ಷತ್ರಗಳು ಬರಬರುತ್ತಾ ಊದಿಕೊಂಡಿದ್ದವು. ಕಾರಣ ತಿಳಿಯದೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊಳವೆಯನ್ನು ಮುಟ್ಟಿದಾಗ ಹೊಳೆಯಿತು: ಬೆಚ್ಚಗಿನ ಕೋಣೆಯಿಂದ ತಂದ ಅಲ್ಯೂಮಿನಿಯಂ ಅದು, ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಇಪ್ಪತ್ತು ಡಿಗ್ರಿ ತಣಿದರೆ ಅಷ್ಟುದ್ದದ ಕೊಳವೆ ಸುಮಾರು 0.2 ಮಿಲಿಮೀಟರ್ ಕುಗ್ಗುತ್ತದೆ. ಕಣ್ಣಿಗೆ ಕಾಣದ ಆ ಕುಗ್ಗು ಒಂದು ಗೆಲಾಕ್ಸಿಯನ್ನು ಮಸುಕಾಗಿಸಲು ಸಾಕು. ಮತ್ತೆ ಮುಖವಾಡ, ಮತ್ತೆ ಮೂರು ಗೆರೆ. ಚಳಿಗೆ ಸೋತ ಬ್ಯಾಟರಿಯನ್ನು ತಮ್ಮ ತನ್ನ ಉಣ್ಣೆಯ ಅಂಗಿಯೊಳಗೆ ಇಟ್ಟುಕೊಂಡು ಕಾಯಿಸಿದ.

ಗುರಿ ದ್ರೌಪದಿಯಲ್ಲಿತ್ತು. ನಮ್ಮ ಕನ್ನಡದ ನಕ್ಷತ್ರ ಪುಸ್ತಕಗಳಲ್ಲಿ ಆಂಡ್ರೊಮೆಡಾ ಪುಂಜಕ್ಕೆ ದ್ರೌಪದಿ ಎಂದು ಹೆಸರು. ಪಕ್ಕದಲ್ಲೇ ಅತ್ತೆ ಕುಂತಿ, ಕೆಳಗೆ ಪಾರ್ಥ. ದ್ರೌಪದಿಯ ಸೊಂಟದ ಬಳಿ ಬರಿಗಣ್ಣಿಗೇ ಉದ್ದನೆಯ ಬಿಳಿ ಮಚ್ಚೆ ಕಾಣುತ್ತಿತ್ತು, ಒಂದು ಹನಿ ಹಾಲು ಒರೆಸಿದಂತೆ. ಆಂಡ್ರೊಮೆಡಾ ಗೆಲಾಕ್ಸಿ. 25 ಲಕ್ಷ ಜ್ಯೋತಿರ್ವರ್ಷ ದೂರ. ಹತ್ತನೇ ಶತಮಾನದಲ್ಲೇ ಪರ್ಷಿಯಾದ ಅಲ್-ಸೂಫಿ ಇದನ್ನು ಪುಟ್ಟ ಮೋಡ ಎಂದು ಗುರುತಿಸಿದ್ದ. ಪುಟ್ಟದೇನಲ್ಲ, ಅದರ ಪೂರ್ತಿ ಹರವು ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು.

ಒಂದು ಚಿತ್ರಕ್ಕೆ ಒಂದು ನಿಮಿಷ. ಅಂಥವು ತೊಂಬತ್ತು. ಅಷ್ಟೂ ಹೊತ್ತು ಟ್ರ್ಯಾಕರ್ ಭೂಮಿಯ ತಿರುಗಾಟವನ್ನು ತಿದ್ದುತ್ತಾ, ಗೋಧಿ ಕಾಳಿನೊಳಗೆ ಹುಳು ಕೊರೆವಷ್ಟು ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಎರಡನೇ ಚಿತ್ರವನ್ನು ತೆರೆಯಲ್ಲಿ ಹಿಗ್ಗಿಸಿ ನೋಡಿದೆವು. ನಡುವೆ ಹಳದಿ ಬೆಳಕಿನ ಗುಂಡಿಗೆ, ಸುತ್ತ ಓರೆಯಾದ ತಟ್ಟೆ, ತಟ್ಟೆಯ ಒಂದು ಮಗ್ಗುಲಲ್ಲಿ ದೂಳಿನ ಕಪ್ಪು ಗೆರೆ, ಮೇಲೊಂದು ಕೆಳಗೊಂದು ಒಡನಾಡಿ ಗೆಲಾಕ್ಸಿಗಳು. ಚೌಕಟ್ಟಿನೊಳಗೆ ಎಲ್ಲವೂ. ಗುಡ್ಡದ ಮೇಲಿನ ಎರಡು ಮೀಟರ್ ಕನ್ನಡಿಯ ಕ್ಯಾಮೆರಾಗೆ ಒಮ್ಮೆಗೆ ಕಾಣುವುದು ಚಂದ್ರನ ಅಗಲದ ಮೂರನೇ ಒಂದರಷ್ಟು ಆಕಾಶ. ಅದು ಒಂದು ನಕ್ಷತ್ರದ ಒಡಲನ್ನೇ ಬಗೆದು ಹೇಳಬಲ್ಲದು. ಆದರೆ ಇಡೀ ದ್ರೌಪದಿಯ ಗೆಲಾಕ್ಸಿಯನ್ನು ಒಂದೇ ನೋಟಕ್ಕೆ ತುಂಬಿಕೊಳ್ಳುವ ಭಾಗ್ಯ ನನ್ನ ಮೊಳದುದ್ದದ ಕೊಳವೆಯದು.

ನಡುರಾತ್ರಿ ಅಮಾ-ಲೇ ಬೆಣ್ಣೆ ಚಹಾ ತಂದರು. ಕ್ಯಾಮೆರಾ ಬಿಚ್ಚಿ 7 ಮಿಲಿಮೀಟರ್ ಐಪೀಸ್ ಹಾಕಿದೆ, ಅರವತ್ತು ಪಟ್ಟು. ಅಂದು ಶನಿ ಸೂರ್ಯನಿಗೆ ಸರಿಯಾಗಿ ಎದುರಿದ್ದ, ರಾತ್ರಿಯಿಡೀ ಆಕಾಶದಲ್ಲಿ. ಅದಕ್ಕಿಂತ ಹೆಚ್ಚಿನದು ಅವನ ಬಳೆಯ ಸ್ಥಿತಿ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಆ ಬಳೆ ನಮಗೆ ಅಂಚಿನಿಂದ ಕಾಣುತ್ತದೆ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದಂತೆ. 1610ರಲ್ಲಿ ಶನಿಯನ್ನು ಮೂರು ಗುಂಡುಗಳಾಗಿ ಕಂಡಿದ್ದ ಗೆಲಿಲಿಯೊ 1612ರಲ್ಲಿ ಪಕ್ಕದ ಎರಡೂ ಮಾಯವಾದದ್ದು ನೋಡಿ ಕಂಗಾಲಾಗಿದ್ದ. ಆಗ ಆಗಿದ್ದೂ ಇದೇ. ನಮಗೆ ಕಂಡದ್ದು ಸೂಜಿ ಚುಚ್ಚಿದ ಮುತ್ತು, ಪಕ್ಕದಲ್ಲಿ ಟೈಟನ್ ಚಂದ್ರನ ಚುಕ್ಕೆ. ಅಮಾ-ಲೇ ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಅಡ್ಡಗೆರೆ ಎಳೆದು, ಹೌದಾ ಎಂಬಂತೆ ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಮತ್ತೆ ಬಗ್ಗಿ ನೋಡಿದರು.

ಅಷ್ಟು ಎತ್ತರದಲ್ಲಿ ಆಮ್ಲಜನಕ ಕಡಿಮೆಯಾಗಿ ಕತ್ತಲಲ್ಲಿ ಕಾಣುವ ಕಣ್ಣಿನ ಶಕ್ತಿಯೂ ಕುಗ್ಗುತ್ತದಂತೆ. ಕುಗ್ಗಿಯೂ ಇಷ್ಟು ಕಂಡಿತು. ತಮ್ಮ ಎರಡು ಗಂಟೆಗೆ ಒಳಗೆ ಹೋಗಿ ಮಲಗಿದ. ನಾನು ಕೊಳವೆಯನ್ನು ಕೃತ್ತಿಕೆಗೆ ತಿರುಗಿಸಿ, ಕಂಬಳಿ ಹೊದ್ದು ಗೋಡೆಗೊರಗಿ ಕುಳಿತೆ.

ಪೂರ್ವದಲ್ಲಿ ಬೆಳಕು ಮೂಡಿತು. ಬೆಳಗಾಯಿತು, ಮುಗಿಸೋಣವೆಂದು ಎದ್ದು ಕ್ಯಾಮೆರಾ ಮುಟ್ಟಿದವಳು ಗಡಿಯಾರ ನೋಡಿದೆ. ಇನ್ನೂ ನಾಲ್ಕೂಕಾಲು. ಬೆಳಕು ದಿಗಂತದ ಉದ್ದಕ್ಕೆ ಹರಡಿರಲಿಲ್ಲ. ಗೋಪುರದಂತೆ ಓರೆಯಾಗಿ ಮೇಲೆದ್ದಿತ್ತು, ಬುಡದಲ್ಲಿ ಆಗತಾನೆ ಹುಟ್ಟಿದ ಶುಕ್ರ, ಮೇಲೆ ಗುರು. ಗ್ರಹಗಳು ಸುತ್ತುವ ಬಯಲಿನಲ್ಲಿ ಚೆಲ್ಲಿರುವ ದೂಳಿನ ಮೇಲೆ ಬಿದ್ದ ಬಿಸಿಲು ಅದು, ಹುಸಿ ಬೆಳಗು. ಓದಿದ್ದೆ, ಕಂಡಿರಲಿಲ್ಲ. ಸೌರವ್ಯೂಹದ ಅಂಗಳವೇ ಓರೆಯಾಗಿ ಎದುರಿಗಿತ್ತು. ಕ್ಯಾಮೆರಾ ನಿಲ್ಲಿಸದೆ ಮತ್ತೆ ಕುಳಿತೆ. ನಿಜವಾದ ಬೆಳಗು ಕೆಳಗಿನಿಂದ ನೀಲಿಯಾಗಿ ಬಂದು ಗೋಪುರವನ್ನು ಬುಡದಿಂದಲೇ ನುಂಗುತ್ತಾ ಹೋಯಿತು. ಧ್ರುವ ಮಾಸಿದ ಮೇಲೆ ಕೊಳವೆಯ ಮೇಲಿನ ಮಂಜಿನ ಪುಡಿಯನ್ನು ಸೆರಗಿನಿಂದ ಮುಟ್ಟದೆ, ಊದದೆ, ಬಿಸಿಲಿಗೆ ತಾನಾಗಿ ಆರಲಿ ಎಂದು ಬಿಟ್ಟೆ.