ಗುರುವಾರ ಸಂಜೆ 7:12

ಬಹಳ ದಿನದಿಂದ ಬರೀಬೇಕು ಅಂತಿದ್ದೆ, ಸ್ವಲ್ಪ ನಾಚಿಕೆಯ ಕಥೆಯಾದ್ದರಿಂದ ಮುಂದೂಡ್ತಾ ಬಂದೆ.

ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮದು ಒಂಬತ್ತು ಜನರ ಪುಟ್ಟ ಅಕೌಂಟಿಂಗ್ ಆಫೀಸು. ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ಕೂಗೋದು ನನ್ನ ಹೆಸರನ್ನ. ಸರ್ವರ್ ರೂಮು ಅಂತ ದೊಡ್ಡ ಹೆಸರಿದ್ರೂ ಅದು ಪೊರಕೆ, ಪೇಪರ್ ಟವೆಲ್ ಇಡೋ ಗೂಡು. ಮೂಲೆಯಲ್ಲೊಂದು ಸರ್ವರ್, ಕೆಳಗೊಂದು ಯುಪಿಎಸ್.

2023ರ ಫೆಬ್ರವರಿ 16, ಗುರುವಾರ. ಟ್ಯಾಕ್ಸ್ ಸೀಸನ್, ಕತ್ತಲಾದ ಮೇಲೂ ಎಲ್ಲರೂ ಕೂತಿರೋ ಕಾಲ. 7:12ಕ್ಕೆ ಸರ್ವರ್ ತಾನಾಗೇ ರೀಸ್ಟಾರ್ಟ್ ಆಯ್ತು. ತೆರೆದಿದ್ದ ಫೈಲುಗಳೆಲ್ಲ ಗೋತಾ. ಮಾರ್ಚ್ 2, ಮತ್ತೆ ಗುರುವಾರ, ಮತ್ತೆ 7:12!

ಮೊದಲ ಅನುಮಾನ ವಿಂಡೋಸ್ ಅಪ್‌ಡೇಟ್ ಮೇಲೆ. ಆದ್ರೆ ಅದರ ಕೆಲಸವಾಗಿದ್ರೆ ಈವೆಂಟ್ ಲಾಗಿನಲ್ಲಿ 1074 ಅನ್ನೋ ನಂಬರು ಇರಬೇಕಿತ್ತು. ಸಿಕ್ಕಿದ್ದು 41 ಮತ್ತು 6008. ಅಂದ್ರೆ, ಹೇಳದೆ ಕೇಳದೆ ಆರಿಹೋಗಿದೆ ಅಂತಷ್ಟೇ. ಬ್ಲೂ ಸ್ಕ್ರೀನ್ ಬಂದ ಗುರುತೂ ಇಲ್ಲ. ಹಾಗಾದ್ರೆ ಕರೆಂಟು. ಆದ್ರೆ ಆಫೀಸಿನ ದೀಪ ಆರಿರಲಿಲ್ಲವಲ್ಲ!

ಆ ಹೊತ್ತಲ್ಲಿ ಗೂಡಿಗೆ ಹೋಗೋರು ಒಬ್ಬರೇ, ಕ್ಲೀನಿಂಗಿಗೆ ಬರ್ತಿದ್ದ ಈಕ್ವೆಡಾರಿನ ಹೆಂಗಸು. ನಮ್ಮಮ್ಮನ ವಯಸ್ಸಿನವರು. ಆರೂವರೆಗೆ ಬಂದು, ವ್ಯಾಕ್ಯೂಮಿನ ಪ್ಲಗ್ಗನ್ನ ಅಲ್ಲೇ ಚುಚ್ಚಿ, ಏಳೂವರೆಗೆ ಹೊರಡ್ತಿದ್ರು. ಇಂಥ ಜೋಕುಗಳು ಐಟಿಯವರಲ್ಲಿ ಬೇಕಾದಷ್ಟಿವೆ. ಓನರ್ ಕೇಳಿದಾಗ ನಕ್ಕೊಂಡು "ವ್ಯಾಕ್ಯೂಮ್ ಇರಬೇಕು" ಅಂದುಬಿಟ್ಟೆ. ಅವರು ನಗಲಿಲ್ಲ. ಸೀಸನ್ ಮುಗಿಯೋ ತನಕ ಗುರುವಾರ ಬರೋದು ಬೇಡ ಅಂತ ಆಕೆಗೆ ಹೇಳಿದ್ರು. ಗಂಟೆ ಲೆಕ್ಕದ ಸಂಬಳ ಆಕೆಯದ್ದು. ದಿನಾ ಬರೋರಿಂದ ಗುರುವಾರ ಮಾತ್ರ, ಅದೂ ವಾರ ಬಿಟ್ಟು ವಾರ ಯಾಕಾಗತ್ತೆ ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ ನೋಡಿ.

ಮಾರ್ಚ್ 16. ಆಕೆ ಬಂದಿರಲಿಲ್ಲ. ನಾನು ಕಾದು ಕೂತೆ. 7:12 ದಾಟಿತು, ಏನೂ ಆಗಲಿಲ್ಲ. "ನೋಡಿದ್ರಾ!" ಅಂತ ಓನರಿಗೆ ಹೇಳಿ ಮೊಸರನ್ನದ ಡಬ್ಬಿ ತೆಗೆದೆ. 8:12ಕ್ಕೆ ಗೂಡಿನಿಂದ ಟಕ್ ಅಂತ ಸದ್ದು. ಫ್ಯಾನುಗಳು ನಿಂತು, ಮತ್ತೆ ಬುಸ್ ಅಂತ ಶುರುವಾದವು.

ಸರಿಯಾಗಿ ಒಂದು ಗಂಟೆ ತಡ. ಮಾರ್ಚ್ 12ಕ್ಕೆ ಡೇಲೈಟ್ ಸೇವಿಂಗ್ ಅಂತ ಇಲ್ಲಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಿದ್ವು. ಸರ್ವರಿನದ್ದೂ ಸೇರಿ. ಅದರ ಗೊಡವೆಯಿಲ್ಲದೆ 14 ದಿನ ಎಣಿಸ್ತಾ ಕೂತಿದ್ದು ಆ ಗೂಡಲ್ಲಿ ಯಾರು? ಯುಪಿಎಸ್!

ಅನೇಕ ಯುಪಿಎಸ್‌ಗಳು 14 ದಿನಕ್ಕೊಮ್ಮೆ ತಮ್ಮನ್ನ ತಾವೇ ಪರೀಕ್ಷೆ ಮಾಡ್ಕೊಳ್ತವೆ, ಕೆಲವು ಸೆಕೆಂಡು ಲೋಡನ್ನ ಬ್ಯಾಟರಿ ಮೇಲೆ ಹಾಕಿ. ಬ್ಯಾಟರಿ ಸತ್ತಿದ್ರೆ ಸರ್ವರೂ ಆರತ್ತೆ. ಕರೆಂಟ್ ಬಂದ ಕೂಡಲೇ ಆನ್ ಆಗಲಿ ಅಂತ ಬಯಾಸಿನಲ್ಲಿ ಇಟ್ಟಿದ್ದೆ, ಹಾಗಾಗಿ ರೀಸ್ಟಾರ್ಟಿನ ಹಾಗೆ ಕಂಡದ್ದು. ಮುಚ್ಚಳ ತೆಗೆದರೆ ಬ್ಯಾಟರಿ ಮೇಲೆ 2016 ಅಂತಿದೆ. ಈ ಲೆಡ್ ಆಸಿಡ್ ಬ್ಯಾಟರಿಗಳು ಸಾಮಾನ್ಯವಾಗಿ ಬಾಳೋದು ಮೂರರಿಂದ ಐದು ವರ್ಷ. ಮುಂದೆ ಕೆಂಪು ದೀಪ ಬೇರೆ ಉರೀತಿತ್ತು. ಅದಕ್ಕೆ ಅಡ್ಡವಾಗಿ ಪೇಪರ್ ಟವೆಲ್ ಪೆಟ್ಟಿಗೆ ಇಟ್ಟವನು ನಾನೇ.

ಓನರಿಗೆ ಎಲ್ಲ ಹೇಳಿದೆ. ಎರಡು ಗುರುವಾರದ ದುಡ್ಡು ಕೊಟ್ರು, ನಾನು ಕೇಳಿದ ಮೇಲೆ. ಶುಕ್ರವಾರ ಸಂಜೆ ಆಕೆ ಬಂದಾಗ ನನ್ನದೇ ತಪ್ಪು ಅಂತ ಸಾರಿ ಕೇಳಿದೆ. ಪರವಾಗಿಲ್ಲ ಅಂದ್ರು. ಗುರುವಾರಕ್ಕೆ ಬೇರೊಂದು ಕಡೆ ಕೆಲಸ ಒಪ್ಪಿಕೊಂಡಾಗಿತ್ತಂತೆ, ಇನ್ನು ಬರೋಕಾಗಲ್ಲ ಅಂದ್ರು. ಆಮೇಲೆ ವ್ಯಾಕ್ಯೂಮ್ ಎಳ್ಕೊಂಡು ಗೂಡಿನ ಬಾಗಿಲ ತನಕ ಹೋಗಿ, ಪ್ಲಗ್ ಕೈಯಲ್ಲಿ ಹಿಡಿದು ನಿಂತು, ಇಲ್ಲಿ ಚುಚ್ಚಬಹುದಾ ಅಂತ ನನ್ನನ್ನ ಕೇಳಿದ್ರು.