ಸೈರನ್ ಅಂದ್ರೆ ದಾರಿ ಕೇಳೋದು, ಕಿತ್ಕೊಳ್ಳೋದಲ್ಲ

(ನಮ್ಮ ಹೈವೇ ಸರಣಿ. ಉದ್ದ ಉಂಟು, ನಿಧಾನಕ್ಕೆ ಓದಿ. ಅರ್ಜೆಂಟ್ ಇದ್ರೆ ಸೇವ್ ಮಾಡಿ ಇಟ್ಕೊಳ್ಳಿ.)

1/8

ಹ್ವಾಯ್, ನಿಮ್ಮ ಫೀಡಲ್ಲೂ ಬಂದಿರುತ್ತೆ ಕಾಣಿ. ಪೊಲೀಸ್ ಜೀಪೊಂದು ಸೈರನ್ ಹಾಕ್ಕೊಂಡು ಬರ್ತದೆ, ಹಿಂದೆ ಮಾಸ್ ಬಿಜಿಎಂ, ಕೆಳಗೆ ಬೆಂಕಿ ಇಮೋಜಿ ಸಾಲುಸಾಲು. ನಮ್ಮ ಕ್ಲಾಸ್ ಗ್ರೂಪಲ್ಲಂತೂ ವಾರಕ್ಕೆರಡು ಗ್ಯಾರಂಟಿ. ಕಾನ್‌ಸ್ಟೆಬಲ್ ಪರೀಕ್ಷೆಗೆ ಓದ್ತಾ ಇರೋ ನಾಲ್ಕೈದು ಜನ ನಮ್ಮಲ್ಲೇ ಇದ್ದಾರೆ. ಅವರಲ್ಲೊಬ್ಬ ಹೇಳಿದ್ದು: "ಕೆಲ್ಸ ಸಿಕ್ರೆ ನಂಗೆ ಡ್ರೈವರ್ ಡ್ಯೂಟಿನೇ ಬೇಕು, ನೂರಿಪ್ಪತ್ತಲ್ಲಿ ಹೊಡೀಬಹುದು, ಕೇಳೋರಿಲ್ಲ."

ಈ ಸರಣಿ ಅವನಿಗೋಸ್ಕರ. ಆ ರೀಲಿಗೆ ಲೈಕ್ ಒತ್ತಿದ ನಿಮಗೋಸ್ಕರವೂ ಹೌದು. "ಕೇಳೋರಿಲ್ಲ" ಅನ್ನೋದು ಎಷ್ಟು ನಿಜ, ಆ ಸ್ಪೀಡಿಂದ ಯಾರಿಗೆ ಏನು ಸಿಗ್ತದೆ, ಒಂದೊಂದಾಗಿ ನೋಡುವ.

2/8

ಮೊದಲು ನಮ್ಮ ರಸ್ತೆ. ರಾಷ್ಟ್ರೀಯ ಹೆದ್ದಾರಿ 66. ನಮ್ಮ ಅಪ್ಪ ಅಮ್ಮ ಇವತ್ತಿಗೂ ಇದನ್ನ 17 ಅಂತಲೇ ಕರೀತಾರೆ. ಬ್ರಹ್ಮಾವರದ ಆಕಾಶವಾಣಿ ಸರ್ಕಲ್ಲಿಂದ ಹೊರಟು ಸಾಸ್ತಾನ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ ದಾಟಿ ಕುಂದಾಪುರ. ಅಲ್ಲಿಂದ ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ, ಬೈಂದೂರು, ಒತ್ತಿನೆಣೆ, ಶಿರೂರು.

ನಕ್ಷೆಯಲ್ಲಿ ನೋಡಿದ್ರೆ ನೇರ ಗೆರೆ. ನಿಜದಲ್ಲಿ ಹಾಗಿಲ್ಲ ಅಂತ ದಿನಾ ಬಸ್ಸಲ್ಲಿ ನಿಂತು ಹೋಗೋ ನಮಗೆ ಗೊತ್ತು. ಡಿವೈಡರ್ ಓಪನಿಂಗ್ ದೂರ ಇದೆ ಅಂತ ರಾಂಗ್ ಸೈಡಲ್ಲಿ ಬರೋ ಸ್ಕೂಟಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಸೆಲ್ಫಿಗೆ ಅಂತ ರಸ್ತೆ ಬದಿಗೇ ನಿಲ್ಲಿಸಿದ ಕಾರು. ಮೀನಿನ ಗಾಡಿ ಸೋರಿಸ್ಕೊಂಡು ಹೋದ ನೀರು. ರಾತ್ರಿ ಡಾಮರು ಬೆಚ್ಚಗಿದೆ ಅಂತ ಮಲಗೋ ದನ. ಆಟದ ಸೀಸನ್ನಲ್ಲಿ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ರಸ್ತೆ ದಾಟೋ ಜನ. ಜೂನ್ ಬಂತು ಅಂದ್ರೆ ಮುಂದಿನ ಗಾಡಿಯ ಹಿಂಬದಿ ದೀಪವೂ ಕಾಣದಂಥ ಮಳೆ.

ಸೈರನ್ ಹಾಕಿದ ಜೀಪಿಗೂ ಇದೇ ರಸ್ತೆ. ಅದಕ್ಕೇನೂ ಬೇರೆ ಡಾಮರು ಹಾಕಿಟ್ಟಿಲ್ಲ.

3/8

ನನ್ನ ಚಿಕ್ಕಪ್ಪ ವರ್ಷಗಟ್ಟಲೆ ಪೊಲೀಸ್ ಜೀಪು ಓಡಿಸಿದವರು, ಈಗ ನಿವೃತ್ತಿ. ಜಿಲ್ಲೆಗಳಲ್ಲಿ ಜೀಪು ಓಡಿಸೋರು ಹೆಚ್ಚಾಗಿ ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೆಬಲ್‌ಗಳು. ಇವರೂ ಅವರಲ್ಲೊಬ್ಬರು. "ಎಷ್ಟು ಸ್ಪೀಡ್ ಹೊಡ್ದಿದ್ರಿ?" ಅಂತ ಸಣ್ಣವರಿರುವಾಗ ನಾವು ಕೇಳಿದ್ದೇ ಕೇಳಿದ್ದು. ಅವರು ಆ ಪ್ರಶ್ನೆಗೆ ಒಂದು ಸಲವೂ ನಂಬರಲ್ಲಿ ಉತ್ತರ ಕೊಟ್ಟವರಲ್ಲ.

ಅವರು ಹೇಳ್ತಿದ್ದದ್ದು ಇಷ್ಟೆ: "ಸೈರನ್ ಅಂದ್ರೆ ದಾರಿ ಕೇಂಬುದ್ ಮಗಾ. ದಾರಿ ಕಿತ್ಕಂಬುದ್ ಅಲ್ಲ. ಎದ್ರಿನವ ಕೊಟ್ರೆ ಮಾತ್ರ ನಂದ್, ಕೊಡದಿದ್ರೆ ಅವಂದೇ."

ಆಗ ಇದು ಹಳೇ ಕಾಲದವರ ಮಾತು ಅನ್ನಿಸ್ತಿತ್ತು. ಮೊನ್ನೆ ಕಾನೂನು ಓದಿ ನೋಡಿದ್ರೆ ಅದರಲ್ಲೂ ಹೆಚ್ಚುಕಮ್ಮಿ ಇದೇ ಇದೆ.

2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪ್ರಕಾರ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ವಾಹನಗಳಿಗೆ ಆದ್ಯತೆ ಉಂಟು. ನಿಜವಾದ ತುರ್ತು ಇದ್ದು, ದೀಪ, ಸೈರನ್ ಹಾಕಿದ್ದಾಗ ಕೆಂಪು ಸಿಗ್ನಲ್ ದಾಟಬಹುದು, ವೇಗಮಿತಿ ಮೀರಬಹುದು, ರಸ್ತೆಯ ಅಂಚಲ್ಲಿ ಹೋಗಬಹುದು. ಆದ್ರೆ ಈ ಎಲ್ಲಾ "ಬಹುದು"ಗಳಿಗೂ ಒಂದು ಷರತ್ತು: ಬೇರೆಯವರ ಸುರಕ್ಷತೆ ಬಗ್ಗೆ ತಕ್ಕ ಎಚ್ಚರ ಇರಬೇಕು. ಎಚ್ಚರ ಬಿಟ್ರೆ ವಿನಾಯಿತಿಯೂ ಹೋಯ್ತು. ಹಾಗಾಗಿ "ಕೇಳೋರಿಲ್ಲ" ಅನ್ನೋ ಮಾತು ತಪ್ಪು. ಕೇಳೋದಕ್ಕೆ ಕಾನೂನಿದೆ, ಅದಕ್ಕೂ ಮುಂಚೆ ಕೇಳೋದಕ್ಕೆ ರಸ್ತೆ ಇದೆ.

4/8

ಈಗ ಪಿಯುಸಿ ಫಿಸಿಕ್ಸು. ಓಡಬೇಡಿ, ಎರಡೇ ನಿಮಿಷ.

ಗಂಟೆಗೆ 60 ಕಿ.ಮೀ. ಅಂದ್ರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. 100 ಅಂದ್ರೆ 28 ಮೀಟರ್. ಕಣ್ಣಿಗೆ ದನ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂತಿಟ್ಕೊಳ್ಳಿ. ಬ್ರೇಕ್ ಮುಟ್ಟೋ ಮೊದಲೇ ಅಷ್ಟು ದೂರ ಹೋಗಿ ಆಗಿರುತ್ತೆ. ಆಮೇಲೆ ನಿಲ್ಲೋ ದೂರ ವೇಗದ ವರ್ಗದ ಪ್ರಕಾರ ಏರುತ್ತೆ. ಘರ್ಷಣಾಂಕ ಒಣ ರಸ್ತೆಗೆ 0.7, ಒದ್ದೆ ರಸ್ತೆಗೆ 0.4 ಅಂತ ಹಿಡಿದು ಲೆಕ್ಕ ಮಾಡಿದೆ:

ಒಣ ರಸ್ತೆ, 60ರಲ್ಲಿ: ಒಟ್ಟು ಸುಮಾರು 37 ಮೀಟರ್.
ಒಣ ರಸ್ತೆ, 100ರಲ್ಲಿ: ಸುಮಾರು 84 ಮೀಟರ್.
ಒದ್ದೆ ರಸ್ತೆ, 60ರಲ್ಲಿ: ಸುಮಾರು 52 ಮೀಟರ್.
ಒದ್ದೆ ರಸ್ತೆ, 100ರಲ್ಲಿ: ಸುಮಾರು 126 ಮೀಟರ್.

ಇನ್ನು ಲಾಭದ ಲೆಕ್ಕ. 30 ಕಿ.ಮೀ. ದೂರಕ್ಕೆ 100ರಲ್ಲಿ ಹೋದ್ರೆ 18 ನಿಮಿಷ, 120ರಲ್ಲಿ ಹೋದ್ರೆ 15 ನಿಮಿಷ. ಉಳಿತಾಯ ಮೂರು ನಿಮಿಷ. ಅದೂ ದಾರಿ ಇಡೀ ಒಂದೇ ವೇಗದಲ್ಲಿ ಹೋದ್ರೆ ಮಾತ್ರ, ನಮ್ಮ ಹೈವೇಲಿ ಅದಾಗುವ ಮಾತಲ್ಲ. ಆ ಮೂರು ನಿಮಿಷಕ್ಕೆ ಗುದ್ದುವ ಶಕ್ತಿ ಶೇ. 44ರಷ್ಟು ಜಾಸ್ತಿ ಆಗಿರುತ್ತೆ.

ಕೆಲವೊಮ್ಮೆ ಮೂರು ನಿಮಿಷದಲ್ಲಿ ಒಂದು ಜೀವ ಹೋಗುತ್ತೆ ನಿಜ. ನಾನು ಅದನ್ನ ಸಣ್ಣದು ಅಂತಿಲ್ಲ. ಆದ್ರೆ ಅದಕ್ಕೆ ಕೊಡೋ ಬೆಲೆ ಏನು ಅಂತ ಸ್ಟೇರಿಂಗ್ ಹಿಡಿದವನಿಗೆ ಪ್ರತಿ ಕಿಲೋಮೀಟರಿಗೂ ಗೊತ್ತಿರಬೇಕು.

5/8

ಈ ಭಾಗ ಬರೆಯೋದು ಕಷ್ಟ.

2022ರ ಜುಲೈ 20. ಬೈಂದೂರು ತಾಲೂಕಿನ ಶಿರೂರು ಟೋಲ್. ಹೊನ್ನಾವರ ಕಡೆಯಿಂದ ಕುಂದಾಪುರಕ್ಕೆ ರೋಗಿಯನ್ನ ತರ್ತಿದ್ದ ಆಂಬುಲೆನ್ಸ್. ಮಳೆಗೆ ರಸ್ತೆ ಪೂರಾ ಒದ್ದೆ. ದೂರದಿಂದಲೇ ಕಂಡ ಟೋಲ್ ಸಿಬ್ಬಂದಿ ದಾರಿ ಬಿಡಿಸೋಕೆ ಓಡಿ ಬ್ಯಾರಿಕೇಡ್ ಎಳೀತಿದ್ದರು. ಅಲ್ಲೇ ದನವೂ ಇತ್ತು ಅಂತ ಆಗ ವರದಿ ಆಗಿತ್ತು. ಗಾಡಿ ಜಾರಿತು, ತಿರುಗಿತು, ಟೋಲಿನ ಕಂಬಕ್ಕೆ ಬಡೀತು. ನಾಲ್ಕು ಜನ ತೀರಿಕೊಂಡ್ರು. ಯಾರನ್ನ ಉಳಿಸೋಕೆ ಹೊರಟಿದ್ದರೋ ಆ ರೋಗಿಯೂ, ಜೊತೆಗೆ ಬಂದವರೂ.

ಆ ಸಿಸಿಟಿವಿ ವಿಡಿಯೋ ದೇಶ ಇಡೀ ಓಡಾಡ್ತು. ಈಗಲೂ ಯಾರೋ ಮ್ಯೂಸಿಕ್ ಹಾಕಿ ಮತ್ತೆ ಹಾಕ್ತಾರೆ. ದಯಮಾಡಿ ಶೇರ್ ಮಾಡಬೇಡಿ, ಆ ಮನೆಯವರೂ ಫೋನ್ ನೋಡ್ತಾರೆ. ನಾನಿದನ್ನ ನೆನಪಿಸಿದ್ದು ಒಂದೇ ಕಾರಣಕ್ಕೆ: ಅಲ್ಲಿ ದಾರಿ ಬಿಡೋ ಜನ ಇದ್ದರು, ಮನಸ್ಸಿತ್ತು, ಓಡಿದ್ದರು. ಆದ್ರೂ ಒದ್ದೆ ರಸ್ತೆ ಮಾತು ಕೇಳಲಿಲ್ಲ.

ಇನ್ನೊಂದು. 2024ರ ಡಿಸೆಂಬರ್ 1, ಹಾಸನ ಹತ್ತಿರದ ಕಿತ್ತಾನೆ. ಹರ್ಷಬರ್ಧನ್ ಅನ್ನೋ 26 ವರ್ಷದ ಪ್ರೊಬೇಷನರಿ ಐಪಿಎಸ್ ಅಧಿಕಾರಿ ಡ್ಯೂಟಿಗೆ ಹಾಜರಾಗೋಕೆ ಹಾಸನಕ್ಕೆ ಹೋಗ್ತಿದ್ದಾಗ ಪೊಲೀಸ್ ವಾಹನದ ಟಯರ್ ಸಿಡಿದು ಅಪಘಾತ ಆಗಿ ತೀರಿಕೊಂಡ್ರು. ಅದು ತುರ್ತು ಕರೆಯೂ ಅಲ್ಲ, ಚೇಸೂ ಅಲ್ಲ. ಹಾಗಾಗಿ ಟಯರ್ ನೋಡೋದು, ಗಾಳಿ ನೋಡೋದು, ಸೀಟ್ ಬೆಲ್ಟ್ ಹಾಕೋದು, ಇವು ಚಿಕ್ಕ ಕೆಲಸ ಅಲ್ಲ. ಚಿಕ್ಕಪ್ಪ ಬೆಳಿಗ್ಗೆ ಡ್ಯೂಟಿಗೆ ಹೋದ ಕೂಡ್ಲೇ ಮೊದಲು ನಾಲ್ಕೂ ಟಯರ್ ಸುತ್ತು ಬಂದು ಆಮೇಲೆ ಚಾ ಕುಡೀತಿದ್ದರಂತೆ.

6/8

ಹಾಗಾದ್ರೆ ಬೇಗ ಮುಟ್ಟೋದು ಹೇಗೆ? ಮುಟ್ಟಿದ ಉದಾಹರಣೆಯೂ ನಮ್ಮ ಕರಾವಳಿಯದ್ದೇ ಇದೆ. 2020ರ ಫೆಬ್ರವರಿಯಲ್ಲಿ 40 ದಿನದ ಕೂಸನ್ನ ಹೃದಯದ ಚಿಕಿತ್ಸೆಗೆ ಮಂಗಳೂರಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಲ್ಲಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸಿದ್ದರು. ನಾವೆಲ್ಲ ಡ್ರೈವರಿಗೆ ಜೈ ಅಂದ್ವಿ. ಅನ್ನಲೇಬೇಕು. ಆದ್ರೆ ಆ ವಿಡಿಯೋಗಳನ್ನ ಮತ್ತೊಮ್ಮೆ ನೋಡಿ. ಮುಂದೆ ಪೊಲೀಸ್ ಎಸ್ಕಾರ್ಟ್, ಜಂಕ್ಷನ್ನಲ್ಲಿ ಟ್ರಾಫಿಕ್ ತಡೆದು ನಿಂತ ಪೊಲೀಸರು, ಊರೂರಲ್ಲಿ ರಸ್ತೆ ಬದಿ ಸರಿದು ನಿಂತ ಜನ. ವೇಗ ಬಂದದ್ದು ರಸ್ತೆ ಖಾಲಿ ಆದದ್ದರಿಂದ. ಡ್ರೈವರ್ ಕಣ್ಮುಚ್ಚಿ ನುಗ್ಗಿದ್ದರಿಂದ ಅಲ್ಲ.

ಒಬ್ಬನೇ ಹೋಗುವ 112 ಜೀಪಿಗೆ ಆ ಭಾಗ್ಯ ಇಲ್ಲ. ಅಲ್ಲಿ ಡ್ರೈವರೇ ಎಲ್ಲ ಮಾಡಬೇಕು. ಒಳ್ಳೇ ಡ್ರೈವರ್ ಮಾಡೋದೇನು ಅಂತ ಚಿಕ್ಕಪ್ಪನ ಹತ್ರ ಕೇಳಿ ಬರ್ಕೊಂಡದ್ದು:

ಜಂಕ್ಷನ್ ಬಂತು ಅಂದ್ರೆ ಸೈರನ್ ಇದ್ರೂ ಕಾಲು ಬ್ರೇಕಿನ ಮೇಲೆ. ನಾಲ್ಕೂ ಕಡೆಯವರು ತನ್ನನ್ನ ಕಂಡಿದ್ದಾರೆ ಅಂತ ಖಾತ್ರಿ ಆದ ಮೇಲೆ ದಾಟೋದು. ಬಲಗಡೆ ಖಾಲಿ ಇದೆ ಅಂತ ನುಗ್ಗಿದ್ರೆ ನಿಂತ ಬಸ್ಸಿನ ಮರೆಯಿಂದ ಮಗು ಬಂದೀತು.

ಸೈರನ್ನಿನ ಸ್ವರ ಜಂಕ್ಷನ್ ಹತ್ರ ಬದಲಿಸೋದು. ಒಂದೇ ರಾಗ ಕಿವಿಗೆ ಒಗ್ಗಿಹೋಗ್ತದೆ, ಬದಲಾದ್ರೆ ಜನ ತಿರುಗಿ ನೋಡ್ತಾರೆ. ಗಾಜು ಏರಿಸಿ ಎಸಿ, ಪಾಟು ಹಾಕಿದವನಿಗೆ ಜೀಪು ಹಿಂದೆ ಬಂದು ನಿಂತ ಮೇಲೇ ಕೇಳೋದು, ಅದನ್ನ ಲೆಕ್ಕದಲ್ಲಿ ಇಟ್ಕೊಂಡೇ ಹೋಗಬೇಕು.

ವಯರ್‌ಲೆಸ್, ಫೋನು ಪಕ್ಕದ ಸೀಟಿನವರ ಕೆಲಸ. ಸ್ಟೇರಿಂಗ್ ಹಿಡಿದವನಿಗೆ ಸ್ಟೇರಿಂಗ್ ಮಾತ್ರ.

ಎದೆ ಡವಡವ ಅಂದಾಗ ಕಣ್ಣು ಮುಂದಿನ ಒಂದೇ ಬಿಂದುವಿಗೆ ಅಂಟ್ಕೊಳ್ಳುತ್ತೆ. ಅದಕ್ಕೆ ಇವರು ಕಂಡದ್ದನ್ನ ಬಾಯಲ್ಲಿ ಹೇಳ್ತಾ ಹೋಗ್ತಿದ್ದರು: "ಎಡಕ್ಕೆ ರಿಕ್ಷಾ, ಎದುರಿಗೆ ಸೈಕಲ್, ಮುಂದೆ ಓಪನಿಂಗ್." ಬ್ರಿಟನ್ನಿನ ಪೊಲೀಸ್ ಡ್ರೈವರುಗಳಿಗೂ ಹೀಗೆ ಬಾಯಿಬಿಟ್ಟು ಹೇಳ್ತಾ ಓಡಿಸೋ ಅಭ್ಯಾಸ ಮಾಡಿಸ್ತಾರೆ. ಅವರ ತರಬೇತಿಯ 'ರೋಡ್‌ಕ್ರಾಫ್ಟ್' ಪುಸ್ತಕ 1955ರಿಂದ ಜನರಿಗೂ ಸಿಗ್ತಾ ಇದೆ. ಚಿಕ್ಕಪ್ಪ ಆ ಪುಸ್ತಕದ ಹೆಸರೂ ಕೇಳಿದವರಲ್ಲ. ರಸ್ತೆ ಎರಡು ಕಡೆಯೂ ಒಂದೇ ಪಾಠ ಕಲಿಸಿದೆ.

7/8

ಹೋದ ಮಳೆಗಾಲ ನಮ್ಮ ಕೇರಿಯಲ್ಲಿ ರಾತ್ರಿ ಒಂದು ಗಲಾಟೆ. ಕುಡಿದು ಬಂದವನೊಬ್ಬ ಹೆಂಡತಿ ಮಕ್ಕಳನ್ನ ಹೊರಗೆ ಹಾಕಿ ಕತ್ತಿ ಹಿಡ್ಕೊಂಡು ನಿಂತಿದ್ದ. ಪಕ್ಕದ ಮನೆಯವರು 112ಕ್ಕೆ ಮಾಡಿದ್ರು. ಆ ಹೆಂಗ್ಸು, ಎರಡು ಮಕ್ಕಳು ನಮ್ಮ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲಿ ನಡುಗ್ತಾ ಕೂತಿದ್ರು. ಹತ್ತು ನಿಮಿಷ, ಹದಿನೈದು ನಿಮಿಷ. "ಈ ಪೊಲೀಸರಿಗೆ ಎಂತ ಕಾಲಿಗೆ ಚಕ್ರ ಇಲ್ಲವಾ" ಅಂತ ಎಲ್ಲರೂ ಬೈಯ್ಯುವವರೇ. ನಂಗೂ ಸಿಟ್ಟು ಬಂದಿತ್ತು.

ಜೀಪು ಬಂದ ಮೇಲೆ ಗೊತ್ತಾಯ್ತು, ಹೈವೇಯಿಂದ ಇಳಿಯೋವರೆಗೆ ಅವರು ಸಮಕ್ಕೇ ಬಂದಿದ್ದಾರೆ. ಆಮೇಲೆ ತಿರುವು ಸಿಕ್ಕಿಲ್ಲ. ಕರೆಯಲ್ಲಿ "ದೈವಸ್ಥಾನದ ಹತ್ರ" ಅಂದಿದ್ದರು. ನಮ್ಮಲ್ಲಿ ದೈವಸ್ಥಾನ ಒಂದಾ ಎರಡಾ? ಕರೆಂಟೂ ಇಲ್ಲ, ಮಳೆ. ಮೂರನೇ ದೈವಸ್ಥಾನಕ್ಕೆ ನಮ್ಮ ಮನೆ ಸಿಕ್ತು. ಅವತ್ತು ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ.

ಮರುದಿನ ಚಿಕ್ಕಪ್ಪನಿಗೆ ಹೇಳಿದ್ರೆ ಅವರಂದದ್ದು: "ಬಿರ್ಸ್ ಬಂದ್ ಹೊಂಡಕ್ ಬಿದ್ರೆ ಆ ಮಕ್ಕಳ್ನ ಕಾಂಬುದ್ ಯಾರ್? ಬಂದ್ ಮುಟ್ಟುದ್ ಮುಖ್ಯ. ಮತ್ತೆ ನೀವ್ ಒಬ್ರ್ ಟಾರ್ಚ್ ಹಿಡ್ಕಂಡ್ ತಿರ್ವಲ್ ನಿಂತಿದ್ರೆ ಏಳೆಂಟ್ ನಿಮಿಷ ಉಳಿತಿತ್ತಲೆ."

ಯೋಚನೆ ಮಾಡಿ. 100ರಿಂದ 120ಕ್ಕೆ ಏರಿಸಿ ಜೀವ ಪಣಕ್ಕಿಟ್ರೆ ಮೂರು ನಿಮಿಷ. ಒಬ್ಬ ಟಾರ್ಚ್ ಹಿಡಿದು ನಿಂತ್ರೆ ಏಳೆಂಟು.

8/8

ಹಾಗಾಗಿ ನಮ್ಮ ಕೈಲಿರೋ ಕೆಲಸ ಇವು.

112ಕ್ಕೆ ಮಾಡಿದ್ರೆ ಊರು, ತಿರುವು, ಎಲ್ಲರಿಗೂ ಗೊತ್ತಿರೋ ಅಂಗಡಿ ಅಥವಾ ಶಾಲೆ ಹೆಸರು ಹೇಳಿ. ಫೋನ್ ಆನ್ ಇಡಿ. ಒಬ್ಬರನ್ನ ತಿರುವಿಗೆ ಕಳಿಸಿ.

ಸೈರನ್ ಕೇಳಿದ್ರೆ ಗಾಬರಿಯಾಗಿ ನಟ್ಟನಡುವೆ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ, ಎಡಕ್ಕೆ ಸರಿದು, ನಿಧಾನ ಮಾಡಿ. ತುರ್ತು ವಾಹನಕ್ಕೆ ದಾರಿ ಬಿಡದಿದ್ರೆ 2019ರ ತಿದ್ದುಪಡಿ ಪ್ರಕಾರ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಜೀಪೋ ಆಂಬುಲೆನ್ಸೋ ಹೋದ ಕೂಡ್ಲೇ ಅದರ ಬೆನ್ನಿಗಂಟಿ ಬೈಕ್ ನುಗ್ಗಿಸಬೇಡಿ. ಅದು ಬ್ರೇಕ್ ಹಾಕಿದ್ರೆ ನಿಮಗೆ ಆ 126 ಮೀಟರ್ ಸಿಗೋದಿಲ್ಲ. ಒಂದು ಹೋಯ್ತು ಅಂತ ರಸ್ತೆಗೆ ಇಳಿಯಲೂ ಬೇಡಿ, ಹಿಂದೆ ಇನ್ನೊಂದು ಇರಬಹುದು.

ಬೈಕಲ್ಲಿ ಹೋಗುವಾಗ ಎರಡೂ ಕಿವಿಗೆ ಇಯರ್‌ಫೋನ್ ಬೇಡ.

ಕಾನ್‌ಸ್ಟೆಬಲ್ ಆಗೋಕೆ ಹೊರಟ ನಮ್ಮ ದೋಸ್ತರಿಗೆ ಒಂದು ಮಾತು. ನಿಮಗೆ ಕೆಲಸ ಸಿಗಲಿ, ಬೇಕಾದ ಡ್ಯೂಟಿಯೇ ಸಿಗಲಿ. ಆ ಜೀಪಲ್ಲಿ ನಿಮ್ಮ ಪಕ್ಕ ಕೂತವರಿಗೂ ಮನೆ ಇರುತ್ತೆ, ಎದುರು ಬರೋ ಸ್ಕೂಟಿಯಲ್ಲಿ ನಮ್ಮಲ್ಲೇ ಯಾರೋ ಇರ್ತಾರೆ, ಕರೆ ಮಾಡಿದವರು ಯಾವುದೋ ಜಗಲಿಯಲ್ಲಿ ಕಾಯ್ತಾ ಇರ್ತಾರೆ. ಮೂರೂ ಜನಕ್ಕೆ ನೀವು ಬೇಕು. ರೀಲಲ್ಲಿ ಚೆಂದ ಕಾಣದಿದ್ರೂ ಅಡ್ಡಿಲ್ಲ, ಬಂದು ಮುಟ್ಟಿ.

ನಿಮ್ಮೂರ ಹತ್ರ ಹೈವೇಲಿ ಯಾವ ಜಾಗ ಅಪಾಯ ಅನ್ನಿಸ್ತದೆ? ಕಾಮೆಂಟಲ್ಲಿ ಜಾಗದ ಹೆಸರು ಬರೀರಿ. ಎಲ್ಲ ಒಟ್ಟು ಮಾಡಿ ಮುಂದಿನ ಸರಣಿಯಲ್ಲಿ ಹಾಕುವ.

#ಕುಂದಾಪುರ #ಬೈಂದೂರು #ಬ್ರಹ್ಮಾವರ #ನಮ್ಮಹೈವೇ #ಬಂದುಮುಟ್ಟಿ