ಕರ್ಣನಾದವೂ ಪ್ರಮಾಣವೂ

ಗೃಹಸ್ಥರೊಬ್ಬರಿಗೆ ಅರುವತ್ತು ದಾಟಿದ ಮೇಲೆ ಒಂದು ರಾತ್ರಿ ಎಡಗಿವಿಯಲ್ಲಿ ಸೂಕ್ಷ್ಮವಾದ ಶಬ್ದವೊಂದು ಮೊದಲಾಯಿತು. ಜೀರುಂಡೆಯಿರಬೇಕೆಂದು ಹಿತ್ತಿಲ ಬಾಗಿಲನ್ನು ತೆರೆದು ನೋಡಿದರು, ಹೊರಗೆ ನಿಶ್ಶಬ್ದ. ಮಡದಿಯನ್ನು ಎಬ್ಬಿಸಿ, “ನಿನಗೇನಾದರೂ ಕೇಳಿಸುತ್ತದೆಯೇ?” ಎಂದರು. ಆಕೆ ಕ್ಷಣಕಾಲ ಕಿವಿಗೊಟ್ಟು, “ಏನೂ ಇಲ್ಲವಲ್ಲಾ, ಮಲಗಿಕೊಳ್ಳಿ” ಎಂದರು. ಈ ವ್ಯಾಧಿಯ ಕಷ್ಟವೆಲ್ಲವೂ ಆ ಒಂದು ಮಾತಿನಲ್ಲಿಯೇ ಅಡಗಿರುವುದು.

ವ್ಯಾಧಿಯೇನೋ ಹೊಸತಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಎಣಿಸಿರುವ 28 ಕರ್ಣರೋಗಗಳಲ್ಲಿ ಇದು ಪ್ರಣಾದವೆಂಬ ಹೆಸರಿನಿಂದ ಸೇರಿದೆ. ಭೇರಿ, ಮೃದಂಗ, ಶಂಖಗಳಂತೆ ಕೇಳಿಸುವುದು ಕರ್ಣನಾದವೆಂದೂ, ಕೊಳಲಿನಂತೆ ಕೇಳಿಸುವುದು ಕ್ಷ್ವೇಡವೆಂದೂ ಮಾಧವನಿದಾನವು ಭೇದವನ್ನು ಹೇಳುತ್ತದೆ. ಜರ್ಮನಿಯ ಸಂಗೀತಗಾರ ಬೀಥೋವನನು ತನ್ನ ಕಿವಿ ಹಗಲಿರುಳೂ ಮೊರೆಯುತ್ತಿರುವುದೆಂದು 1801ರಲ್ಲಿ ಮಿತ್ರನಿಗೆ ಕಾಗದ ಬರೆದನು. ಬೊಹೀಮಿಯದ ಸ್ಮೆಟಾನನು 1876ರಲ್ಲಿ ರಚಿಸಿದ ವಾದ್ಯಕೃತಿಯ ಕೊನೆಯ ಭಾಗದಲ್ಲಿ ತನ್ನ ಕಿವಿಯ ಆ ತಾರಸ್ವರವನ್ನೇ ಪಿಟೀಲಿನಿಂದ ನುಡಿಸಿದನು. ಪಾಪ, ಪರರಿಗೆ ಅದನ್ನು ಕೇಳಿಸಲು ಅವನಿಗೆ ಬೇರೆ ದಾರಿಯಿರಲಿಲ್ಲ.

ನಮ್ಮ ಗೃಹಸ್ಥರು ಆಸ್ಪತ್ರೆಗೆ ಹೋದರು. ಯಂತ್ರದಿಂದ ಶ್ರವಣಶಕ್ತಿಯನ್ನು ಅಳೆದು, ಮೇಲಿನ ಸ್ವರಗಳು ಸ್ವಲ್ಪ ಕುಗ್ಗಿವೆ ಎಂದರು. ಒಂದೊಂದಾಗಿ ಶಬ್ದಗಳನ್ನು ಕೇಳಿಸಿ, “ನಿಮ್ಮದು ಇದರಂತಿದೆಯೇ?” ಎಂದು ಹೋಲಿಸಿದರು. ಅವರ ಮಹಾಘೋಷವು ಕೇಳಿಸಿ ಕೇಳಿಸದಂತಿರುವ ಮಟ್ಟಕ್ಕಿಂತ ಕೆಲವೇ ಡೆಸಿಬಲ್ ಮೇಲಿತ್ತು. ಬಹುಮಂದಿಯಲ್ಲಿ ಹೀಗೆಯೇ ಕಾಣುವುದಂತೆ. ಆದರೂ, ಇಷ್ಟು ಸಣ್ಣದಕ್ಕೆ ಇಷ್ಟು ನಿದ್ದೆಗೆಟ್ಟೆನೇ ಎಂದು ಅವರಿಗೆ ನಾಚಿಕೆಯಾಯಿತು.

ಬಳಿಕ ಒಂದು ಪ್ರಶ್ನಪತ್ರ. 1996ರಲ್ಲಿ ಅಮೆರಿಕದಲ್ಲಿ ರಚಿತವಾದ ಈ ಪತ್ರದಲ್ಲಿ 25 ಪ್ರಶ್ನೆಗಳು; ‘ಹೌದು’ ಎಂದರೆ 4 ಅಂಕ, ‘ಒಮ್ಮೊಮ್ಮೆ’ ಎಂದರೆ 2, ‘ಇಲ್ಲ’ ಎಂದರೆ ಸೊನ್ನೆ. ಅವರಿಗೆ 62 ಬಂತು. ಮುಂದಿನ ತಿಂಗಳು ಮಗಳು ಮೊಮ್ಮಕ್ಕಳೊಡನೆ ಮನೆಗೆ ಬಂದಿದ್ದಳು. ಆಗ 48 ಬಂತು. “ಗುಣ ಕಾಣುತ್ತಿದೆ” ಎಂದು ವೈದ್ಯರು ಸಂತೋಷಪಟ್ಟರು. ಶಬ್ದವು ಎಳ್ಳಷ್ಟೂ ತಗ್ಗಿರಲಿಲ್ಲ. ಅಳೆದದ್ದು ಕಿವಿಯನ್ನೋ, ಮೊಮ್ಮಕ್ಕಳನ್ನೋ?

ಅವರ ಅಸಮಾಧಾನವು ವೈದ್ಯರ ಮೇಲಲ್ಲ, ಪ್ರಮಾಣದ ಮೇಲೆ. ರಕ್ತದ ಒತ್ತಡಕ್ಕೆ ಅಂಕೆಯುಂಟು, ಜ್ವರಕ್ಕೆ ಪಾದರಸದ ಗೆರೆಯುಂಟು. ರಕ್ತನಾಳದ ದೋಷದಿಂದ ಹುಟ್ಟುವ ಕೆಲವು ಕರ್ಣನಾದಗಳನ್ನು ವೈದ್ಯನೂ ನಳಿಗೆಯಿಟ್ಟು ಕೇಳಬಲ್ಲನು. ಉಳಿದುವು ರೋಗಿಗೆ ಮಾತ್ರ ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು; ಆದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರದೆಂದು ತಾರ್ಕಿಕರು ಹೇಳುವರು. ಇದೂ ಅಂತಹುದೇ. ಹೊಗೆ ಕಾಣದೆಂದು ಬೆಂಕಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲವಷ್ಟೆ.

ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. 1953ರಲ್ಲಿ ಹೆಲರ್, ಬರ್ಗ್‌ಮನ್ ಎಂಬವರು ಕಿವಿ ನೆಟ್ಟಗಿದ್ದ 80 ಮಂದಿಯನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಲು, ನೂರಕ್ಕೆ 94ರಷ್ಟು ಮಂದಿ ಏನೋ ಶಬ್ದ ಕೇಳಿಸಿತೆಂದರು. 1988ರಲ್ಲಿ ಜಸ್ಟ್ರೆಬಾಫ್ ಮತ್ತು ಸಂಗಡಿಗರು ಇಲಿಗಳ ನಡತೆಯಿಂದ ಅವುಗಳ ಕರ್ಣನಾದವನ್ನು ಊಹಿಸುವ ಉಪಾಯವನ್ನು ಕಂಡುಕೊಂಡರು. ಅತಿಶಬ್ದಕ್ಕೆ ಗುರಿಯಾದ ಇಲಿಯಲ್ಲಿ ಶ್ರವಣವು ಮೊದಲಿನಂತಾದರೂ ನರದ ಸಂಧಿಗಳು ನಾಶವಾಗಿರುವುದನ್ನು 2009ರಲ್ಲಿ ಕುಜಾವಾ, ಲಿಬರ್ಮನ್ ತೋರಿಸಿದರು. ಇಷ್ಟಾದರೂ, ಈ ಮನುಷ್ಯನಲ್ಲಿ ಈ ಶಬ್ದವು ಇಷ್ಟಿದೆ ಎಂದು ಅವನ ಬಾಯಿಂದ ಕೇಳದೆ ನಿರ್ಧರಿಸುವ ಮಾಪಕವು ಚಿಕಿತ್ಸಾಲಯಕ್ಕೆ ಬಂದಿಲ್ಲ. ಮಾಪಕವಿಲ್ಲದಿರಲು, ಹೊಸ ಔಷಧವನ್ನು ಪರೀಕ್ಷಿಸುವವರಿಗೆ ಗುಣ ಬಂದದ್ದು ಮದ್ದಿನಿಂದಲೋ ನಂಬಿಕೆಯಿಂದಲೋ ವಿಂಗಡಿಸುವುದು ಕಷ್ಟ. ಇದಕ್ಕೆಂದೇ ಸರ್ವಸಮ್ಮತವಾದ ಔಷಧವೊಂದೂ ದೊರೆಯದಿರುವುದಕ್ಕೆ ಇದೂ ಒಂದು ಕಾರಣ. ಮನಸ್ಸನ್ನು ಪಳಗಿಸುವ ಚಿಕಿತ್ಸೆಯಿಂದ ಸಂಕಟವು ತಗ್ಗುವುದು ನಿಜ. ಶಬ್ದವು ತಗ್ಗಿತೆಂದು ಅದನ್ನು ಮಾಡುವವರೂ ಹೇಳುವುದಿಲ್ಲ.

ಮೂರನೆಯ ಸಲ ಪತ್ರ ಬಂದಾಗ ಗೃಹಸ್ಥರು ಲೇಖನಿಯನ್ನು ಹಿಡಿದು ಬಹಳ ಹೊತ್ತು ಕುಳಿತರು. ಹೆಚ್ಚಾಗಿ ಬರೆದರೆ ಗೋಳುಕರೆಯುವವನೆನ್ನುವರು. ಕಡಮೆ ಬರೆದರೆ ಗುಣವಾಯಿತೆನ್ನುವರು. ಕಡೆಗೆ ಕಂಡದ್ದನ್ನೇ ಬರೆದು ಕೊಟ್ಟರು. 54 ಬಂತು.

ಮನೆಯಲ್ಲಿ ಮಡದಿ ಕಾಫಿಯನ್ನು ಮುಂದಿಟ್ಟು, ಎಂದಿನಂತೆ, “ಇವತ್ತು ಹೇಗಿದೆ?” ಎಂದು ಕೇಳಿದರು. ಆಕೆ ಆ ಶಬ್ದವನ್ನು ಒಂದು ದಿನವೂ ಕೇಳಿದವರಲ್ಲ. ಕೇಳುವುದನ್ನು ಒಂದು ದಿನವೂ ಬಿಟ್ಟವರಲ್ಲ. “ನಿನ್ನೆಯಷ್ಟೇ ಇದೆ” ಎಂದರು ಇವರು. ಆಕೆ ಹೌದೇ ಎಂದು ಮರುಪ್ರಶ್ನೆ ಹಾಕಲಿಲ್ಲ. ಎಡಗಿವಿಯ ಕಡೆಯಿದ್ದ ಪೀಠವನ್ನು ಬಲಕ್ಕೆ ಸರಿಸಿಕೊಂಡು ಕುಳಿತು ಮಾತಿಗೆ ತೊಡಗಿದರು.